532ನೇ ಇಸವಿಯನ್ನು ಆ ಕಾಲದ ಗಣನೆಗಳಲ್ಲಿ ಓದುವ ಬಗೆ

ಪ್ರಾಚೀನ ಯುಗದ ಕೊನೆಯ ಶತಮಾನಗಳ ಶಾಸನ, ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಪತ್ರ ಅಥವಾ ಚರಿತ್ರೆಯನ್ನು ಓದಲು ಕುಳಿತವರಿಗೆ ಮೊದಲು ಎದುರಾಗುವ ತೊಡಕು ಕಾಲಗಣನೆಯದು. ಬರೆದವರು ತಮ್ಮ ಊರಿನ, ತಮ್ಮ ಅರಸನ, ತಮ್ಮ ಧರ್ಮದ ಲೆಕ್ಕದಲ್ಲಿ ವರ್ಷವನ್ನು ಬರೆದಿರುತ್ತಾರೆ. ನಾವು ಅದನ್ನು ಕ್ರಿಸ್ತಶಕಕ್ಕೆ ತರಲು ಒಂದು ಸಂಖ್ಯೆಯನ್ನು ಕೂಡಿಸಿ ಅಥವಾ ಕಳೆದು ಮುಂದೆ ಸಾಗುತ್ತೇವೆ. ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲಿಯೇ. ಒಂದೊಂದು ಗಣನೆಯ ವರ್ಷವೂ ಒಂದೊಂದು ದಿನ ಆರಂಭವಾಗುವುದರಿಂದ ಒಂದರ ಇಡೀ ವರ್ಷ ಇನ್ನೊಂದರ ಇಡೀ ವರ್ಷಕ್ಕೆ ಸರಿಯಾಗಿ ಹೊಂದುವುದು ತೀರ ಅಪರೂಪ. ಆದ್ದರಿಂದ ಈ ಲೇಖನದುದ್ದಕ್ಕೂ ಒಂದೇ ನಿಯಮವನ್ನು ಪಾಲಿಸೋಣ: ವರ್ಷವನ್ನು ವರ್ಷಕ್ಕೆ ಪರಿವರ್ತಿಸಬಾರದು, ದಿನವನ್ನು ದಿನಕ್ಕೆ ಪರಿವರ್ತಿಸಬೇಕು.

ಅಭ್ಯಾಸಕ್ಕೆ ಕ್ರಿ.ಶ. 532ನ್ನು ಆರಿಸಿಕೊಂಡಿದ್ದೇನೆ. ಜನವರಿಯಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲಿನ ಕುದುರೆ ಪಂದ್ಯದ ಮೈದಾನದಿಂದ ಎದ್ದ ನಿಕಾ ದಂಗೆ ಚಕ್ರವರ್ತಿ ಜಸ್ಟಿನಿಯನ್ನನ ಸಿಂಹಾಸನವನ್ನೇ ಅಲುಗಿಸಿತು. ಸುಟ್ಟುಹೋದ ದೊಡ್ಡ ಇಗರ್ಜಿಯ ಜಾಗದಲ್ಲಿ ಇಂದಿನ ಹಾಗಿಯಾ ಸೋಫಿಯಾದ ಕಟ್ಟಡ ಫೆಬ್ರವರಿ 23ರಂದು ಆರಂಭವಾಯಿತು. ಅದೇ ವರ್ಷ ಪರ್ಷಿಯದ ಖುಸ್ರೋ ಜೊತೆ 11,000 ಪೌಂಡು ಚಿನ್ನ ತೆತ್ತು ‘ಶಾಶ್ವತ ಶಾಂತಿ’ಯ ಒಪ್ಪಂದವಾಯಿತು. ಕಾಲಗಣನೆಯ ದೃಷ್ಟಿಯಿಂದ ಇದಕ್ಕಿಂತಲೂ ದೊಡ್ಡ ಕಾರಣವೊಂದಿದೆ. ನಾವು ಇಂದು ಬಳಸುವ ಕ್ರಿಸ್ತಶಕದ ವರ್ಷಗಳು ಮೊಟ್ಟಮೊದಲು ಸಾಲಾಗಿ ಕಾಣಿಸಿಕೊಂಡ ಕೋಷ್ಟಕದ ಮೊದಲ ಸಾಲು 532. ಆದರೂ ಆ ವರ್ಷ ಬದುಕಿದ್ದ ಜನರಲ್ಲಿ ಆ ಸಂಖ್ಯೆ ಗೊತ್ತಿದ್ದವರು ಬೆರಳೆಣಿಕೆಯವರು.

ಮೊದಲು ದಿನವನ್ನು ಗಟ್ಟಿ ಮಾಡಿಕೊಳ್ಳಿ

ನಿಕಾ ದಂಗೆ ಭುಗಿಲೆದ್ದ 532ರ ಜನವರಿ 13ನ್ನು ನಮ್ಮ ದಿನವಾಗಿ ಇಟ್ಟುಕೊಳ್ಳೋಣ. ಇದು ಜೂಲಿಯನ್ ಪಂಚಾಂಗದ ತಾರೀಖು. 1582ರ ಗ್ರೆಗೋರಿಯನ್ ಸುಧಾರಣೆಗೆ ಮುಂಚಿನ ತಾರೀಖುಗಳನ್ನು ಇತಿಹಾಸಕಾರರು ಜೂಲಿಯನ್ ಕ್ರಮದಲ್ಲಿಯೇ ಬಿಡುವುದು ರೂಢಿ. ಹಲವು ಕಂಪ್ಯೂಟರ್ ತಂತ್ರಾಂಶಗಳು ಇದನ್ನು ಲೆಕ್ಕಿಸದೆ ಗ್ರೆಗೋರಿಯನ್ ಕ್ರಮವನ್ನೇ ಹಿಂದಕ್ಕೆ ಎಳೆಯುತ್ತವೆ. ಆರನೇ ಶತಮಾನದಲ್ಲಿ ಎರಡರ ನಡುವಿನ ಅಂತರ 2 ದಿನ. ಹಾಗಾಗಿ ಅಂಥ ತಂತ್ರಾಂಶ ಈ ದಿನವನ್ನು ಭಾನುವಾರವೆಂದು ತೋರಿಸುತ್ತದೆ. ಚರಿತ್ರೆಗಳು ಹೇಳುವ ವಾರ ಮಂಗಳವಾರ.

ವಾರವನ್ನು ಕೈಯಿಂದಲೇ ಲೆಕ್ಕ ಹಾಕಬಹುದು, ಹಾಗೆ ಹಾಕುವುದೇ ಒಳ್ಳೆಯದು. ಇಸವಿಗೆ ಅದರ ನಾಲ್ಕನೇ ಒಂದು ಭಾಗವನ್ನು (ಶೇಷ ಬಂದರೆ ಬಿಟ್ಟು) ಕೂಡಿಸಿ, ಮತ್ತೆ 4 ಕೂಡಿಸಿ, 7ರಿಂದ ಭಾಗಿಸಿ. 532, 133 ಮತ್ತು 4 ಸೇರಿ 669, ಶೇಷ 4. ಭಾನುವಾರವನ್ನು 1 ಎಂದು ಎಣಿಸಿದರೆ 4 ಬುಧವಾರ. ಅದು ಆ ವರ್ಷದ ಮಾರ್ಚ್ 24ರ ವಾರ. 532 ಅಧಿಕ ವರ್ಷವಾದ್ದರಿಂದ ಜನವರಿ 13ರಿಂದ ಮಾರ್ಚ್ 24ಕ್ಕೆ 71 ದಿನ, ಅಂದರೆ ಹತ್ತು ವಾರ ಮತ್ತು ಒಂದು ದಿನ. ಬುಧವಾರದಿಂದ ಒಂದು ದಿನ ಹಿಂದೆ ಸರಿದರೆ ಮಂಗಳವಾರ. ದಂಗೆಯನ್ನು ಸೈನಿಕರು ರಕ್ತದಲ್ಲಿ ಅದ್ದಿ ಮುಗಿಸಿದ 18ನೇ ತಾರೀಖು ಭಾನುವಾರವೆಂಬ ದಾಖಲೆಯೂ ಇದರೊಂದಿಗೆ ಹೊಂದುತ್ತದೆ. ಆಕರದಲ್ಲಿ ವಾರವಿದ್ದರೆ ಅದನ್ನು ಯಾವಾಗಲೂ ಹೀಗೆ ಪರೀಕ್ಷಿಸಿ. ವಾರದ ಸರಪಳಿ ಎಲ್ಲಿಯೂ ಕಡಿಯದೆ ನಮ್ಮವರೆಗೂ ಬಂದಿರುವುದರಿಂದ ಬೇರೆ ಯಾವ ಸಾಕ್ಷ್ಯಕ್ಕಿಂತಲೂ ಇದನ್ನು ನಾನು ಹೆಚ್ಚು ನಂಬುತ್ತೇನೆ.

ರೋಮನ್ ತಾರೀಖು ಮತ್ತು ಕಾನ್ಸಲರ ಹೆಸರು

ರೋಮನ್ನರು ತಿಂಗಳ ದಿನಗಳನ್ನು ಮುಂದಕ್ಕೆ ಎಣಿಸುತ್ತಿರಲಿಲ್ಲ. ಬರಲಿರುವ ಕಲೆಂಡ್ಸ್ (ತಿಂಗಳ 1), ನೋನ್ಸ್ (5 ಅಥವಾ 7) ಅಥವಾ ಐಡ್ಸ್ (13 ಅಥವಾ 15) ದಿನಕ್ಕೆ ಎಷ್ಟು ಉಳಿದಿದೆ ಎಂದು ಎಣಿಸುತ್ತಿದ್ದರು, ಎರಡೂ ತುದಿಯ ದಿನಗಳನ್ನು ಸೇರಿಸಿಕೊಂಡು. ಜನವರಿ 13 ಆ ತಿಂಗಳ ಐಡ್ಸ್ ದಿನವೇ. ಜನವರಿ 18 ‘ಫೆಬ್ರವರಿ ಕಲೆಂಡ್ಸ್‌ಗೆ ಹದಿನೈದನೇ ದಿನ’: ಫೆಬ್ರವರಿ 1ನ್ನು ಒಂದೆಂದು, ಜನವರಿ 31ನ್ನು ಎರಡೆಂದು ಹಿಂದಕ್ಕೆ ಎಣಿಸುತ್ತ ಬಂದರೆ 18 ಹದಿನೈದನೆಯದಾಗುತ್ತದೆ. ಅಧಿಕ ವರ್ಷದಲ್ಲಿ ಫೆಬ್ರವರಿ 29 ಎಂಬ ದಿನ ಅವರಿಗಿರಲಿಲ್ಲ. ಮಾರ್ಚ್ ಕಲೆಂಡ್ಸ್‌ಗೆ ಆರನೇ ದಿನವನ್ನು ಎರಡು ಬಾರಿ ಎಣಿಸುತ್ತಿದ್ದರು. 532ರ ಫೆಬ್ರವರಿಯ ಕೊನೆಯ ವಾರದ ರೋಮನ್ ತಾರೀಖು ಸಿಕ್ಕರೆ ಒಂದು ದಿನದ ಎಚ್ಚರಿಕೆ ಅಗತ್ಯ.

ವರ್ಷಕ್ಕೆ ಹೆಸರು ಕೊಡುತ್ತಿದ್ದವರು ಜನವರಿ 1ರಂದು ಅಧಿಕಾರ ವಹಿಸುತ್ತಿದ್ದ ಇಬ್ಬರು ಕಾನ್ಸಲರು, ಅಂದರೆ ರೋಮನ್ ರಾಜ್ಯದ ಉನ್ನತ ಪದವಿಯವರು. 530ರಲ್ಲಿ ಲಂಪಾಡಿಯಸ್ ಮತ್ತು ಒರೆಸ್ಟೆಸ್ ಇದ್ದರು. 531ರಲ್ಲಿಯೂ 532ರಲ್ಲಿಯೂ ಯಾರೂ ನೇಮಕವಾಗಲಿಲ್ಲ. ಹಾಗಾಗಿ 532ರ ಕಾನೂನುಗಳ ಕೊನೆಯಲ್ಲಿ ‘ಲಂಪಾಡಿಯಸ್ ಮತ್ತು ಒರೆಸ್ಟೆಸರ ಕಾನ್ಸಲ್ ಪದವಿಯ ನಂತರದ ಎರಡನೇ ವರ್ಷ’ ಎಂಬ ಒಕ್ಕಣೆ ಇರುತ್ತದೆ. ‘ನಂತರದ’ ಎಂಬ ಮಾತು ಬಿಟ್ಟುಹೋದ ಪ್ರತಿಯನ್ನು ಓದಿದವರು ಕಾನೂನನ್ನು 530ಕ್ಕೆ ಸೇರಿಸಿಬಿಡುತ್ತಾರೆ. ‘ಎರಡನೇ’ ಬಿಟ್ಟುಹೋಗಿದ್ದರೆ 531 ಆಗುತ್ತದೆ. ಇಂಥ ತಾರೀಖು ಕಂಡಾಗ ಕಾನ್ಸಲರ ಹೆಸರಿಗೆ ನಿಲ್ಲದೆ ಆ ಎರಡು ಮಾತುಗಳನ್ನು ಹುಡುಕಿ. ಈ ಪದ್ಧತಿಗೆ ಹೆಚ್ಚು ಆಯುಷ್ಯವಿರಲಿಲ್ಲ: 541ರ ಬಸಿಲಿಯಸ್ಸನ ನಂತರ ಚಕ್ರವರ್ತಿಯಲ್ಲದ ಯಾರೂ ಕಾನ್ಸಲ್ ಆಗಲಿಲ್ಲ, ದಶಕಗಳ ಕಾಲ ‘ಬಸಿಲಿಯಸ್ಸನ ನಂತರದ ಇಂತಿಷ್ಟನೇ ವರ್ಷ’ ಎಂದೇ ಬರೆಯಬೇಕಾಯಿತು.

ಇಂಡಿಕ್ಷನ್

ದಿನನಿತ್ಯದ ಬದುಕಿನಲ್ಲಿ ಜನ ನಿಜವಾಗಿ ಬಳಸುತ್ತಿದ್ದ ಲೆಕ್ಕ ಇಂಡಿಕ್ಷನ್. ತೆರಿಗೆಯ ವ್ಯವಸ್ಥೆಯಿಂದ ಹುಟ್ಟಿದ ಈ 15 ವರ್ಷಗಳ ಆವರ್ತವನ್ನು 312ರಿಂದ ಎಣಿಸುತ್ತಾರೆ. ಗುತ್ತಿಗೆ, ಸಾಲದ ಪತ್ರ, ರಶೀದಿ, ಸಮಾಧಿಯ ಕಲ್ಲು, ಹೀಗೆ ಎಲ್ಲೆಡೆ ‘ಹತ್ತನೇ ಇಂಡಿಕ್ಷನ್’ ಎಂಬಂಥ ಬರಹ ಸಿಗುತ್ತದೆ. ತೆಗೆಯುವ ಕ್ರಮ ಸುಲಭ: ಇಸವಿಗೆ 3 ಕೂಡಿಸಿ 15ರಿಂದ ಭಾಗಿಸಿದರೆ ಉಳಿಯುವ ಶೇಷವೇ ಇಂಡಿಕ್ಷನ್, ಶೇಷವಿಲ್ಲದಿದ್ದರೆ ಅದು ಹದಿನೈದನೆಯದು. 532ಕ್ಕೆ 3 ಸೇರಿ 535. 15ರಿಂದ ಭಾಗಿಸಿದರೆ ಶೇಷ 10.

ಆದರೆ ಈ ಉತ್ತರ ವರ್ಷದ ಮೂರನೇ ಎರಡು ಭಾಗಕ್ಕೆ ಮಾತ್ರ ಸರಿ. ಕಾನ್‌ಸ್ಟಾಂಟಿನೋಪಲಿನ ಇಂಡಿಕ್ಷನ್ ಸೆಪ್ಟೆಂಬರ್ 1ರಂದು ಆರಂಭವಾಗುತ್ತದೆ. ಹತ್ತನೇ ಇಂಡಿಕ್ಷನ್ 531ರ ಸೆಪ್ಟೆಂಬರ್ 1ರಿಂದ 532ರ ಆಗಸ್ಟ್ 31ರವರೆಗೆ, ಮರುದಿನದಿಂದ ಹನ್ನೊಂದನೆಯದು. ಈಜಿಪ್ಟಿನಲ್ಲಿ ಇನ್ನಷ್ಟು ಸಿಕ್ಕು: ಅಲ್ಲಿನ ಕೆಲವು ಭಾಗಗಳಲ್ಲಿ ಸುಗ್ಗಿ ಮತ್ತು ತೆರಿಗೆಯ ಅನುಕೂಲಕ್ಕಾಗಿ ಹೊಸ ಇಂಡಿಕ್ಷನ್ ಸೆಪ್ಟೆಂಬರಿಗೆ ತಿಂಗಳುಗಳ ಮೊದಲೇ ಶುರುವಾಗುತ್ತಿತ್ತು. ಮೇ ಮತ್ತು ಆಗಸ್ಟ್ ನಡುವಿನ ಪಪೈರಸ್ ಪತ್ರವಾದರೆ ಅದು ಯಾವ ಊರಿನದೆಂದು ತಿಳಿಯದೆ ಇಸವಿಯನ್ನು ನಿರ್ಧರಿಸಬೇಡಿ. ಇಂಡಿಕ್ಷನ್‌ನ ಇನ್ನೊಂದು ಕೊರತೆ ಎಲ್ಲರಿಗೂ ಕಾಣುವಂಥದು: ಎಷ್ಟನೇ ಆವರ್ತವೆಂದು ಅದು ಹೇಳುವುದೇ ಇಲ್ಲ. ಬೇರೆ ಸುಳಿವಿಲ್ಲದ ‘ಹತ್ತನೇ ಇಂಡಿಕ್ಷನ್’ 516/17 ಆಗಬಹುದು, 531/32 ಆಗಬಹುದು, 546/47 ಕೂಡ ಆಗಬಹುದು. ಅಂಥ ಪತ್ರವನ್ನು ಅಕ್ಷರದ ಬರವಣಿಗೆ ಅಥವಾ ಅದರಲ್ಲಿ ಬರುವ ಜನರ ಹೆಸರುಗಳಿಂದಲೇ ಒಂದು ಆವರ್ತದಲ್ಲಿ ಕೂರಿಸಬೇಕು.

ಅರಸನ ಆಳ್ವಿಕೆಯ ವರ್ಷ

ಜಸ್ಟಿನಿಯನ್ 527ರ ಏಪ್ರಿಲ್‌ನಲ್ಲಿ ತನ್ನ ಸೋದರಮಾವ ಜಸ್ಟಿನನ ಜೊತೆ ಸಹಚಕ್ರವರ್ತಿಯಾದ, ಆಗಸ್ಟ್‌ನಲ್ಲಿ ಒಬ್ಬನೇ ಉಳಿದ. ಆಳ್ವಿಕೆಯನ್ನು ಏಪ್ರಿಲ್ 1ರಿಂದಲೇ ಎಣಿಸುತ್ತಾರೆ. ಜನವರಿ 13 ಐದನೇ ವರ್ಷ. ಆ ವರ್ಷ ಕ್ರೈಸ್ತರ ಈಸ್ಟರ್ ಹಬ್ಬ ಬಂದ ಏಪ್ರಿಲ್ 11 ಆರನೆಯದು. ಪತ್ರಗಳ ತಲೆಯಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ, ಅನಂತರ ಕಾನ್ಸಲ್, ಅನಂತರ ಇಂಡಿಕ್ಷನ್, ತಿಂಗಳು ಮತ್ತು ದಿನ ಬರಬೇಕೆಂದು ಅವನು ಆಜ್ಞೆ ಮಾಡಿದ್ದು 537ರಲ್ಲಿ. ಆದ್ದರಿಂದ 532ರ ಖಾಸಗಿ ಪತ್ರಗಳಲ್ಲಿ ಆಳ್ವಿಕೆಯ ವರ್ಷವನ್ನು ನಿರೀಕ್ಷಿಸಬೇಡಿ. 537ರ ನಂತರದ ಪತ್ರಗಳಲ್ಲಿ ಮೂರು ಗಣನೆಗಳು ಒಟ್ಟಿಗೆ ಸಿಗುವುದರಿಂದ ಒಂದರ ತಪ್ಪನ್ನು ಇನ್ನೆರಡು ತಿದ್ದುತ್ತವೆ.

ಈಜಿಪ್ಟಿನ ಲೆಕ್ಕ

ಈಜಿಪ್ಟಿನಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಹೆಸರಿನ ಶಕೆ ಚಾಲ್ತಿಯಲ್ಲಿತ್ತು. 284ರ ಆಗಸ್ಟ್ 29 ಅದರ ಮೊದಲ ದಿನ. ಅಲ್ಲಿನ ಹೊಸವರ್ಷ ಥೋಥ್ ತಿಂಗಳ ಮೊದಲ ದಿನ, ಸಾಮಾನ್ಯವಾಗಿ ಆಗಸ್ಟ್ 29. ಆದರೆ ಅಲೆಕ್ಸಾಂಡ್ರಿಯದವರು ತಮ್ಮ ಅಧಿಕ ದಿನವನ್ನು ವರ್ಷದ ಕೊನೆಯಲ್ಲಿ ಸೇರಿಸುತ್ತಿದ್ದರು, ಜೂಲಿಯನ್ ಅಧಿಕ ದಿನಕ್ಕಿಂತ ಆರು ತಿಂಗಳು ಮೊದಲು. 532 ಜೂಲಿಯನ್ ಅಧಿಕ ವರ್ಷವಾದ್ದರಿಂದ 531ರ ಆಗಸ್ಟ್‌ನಲ್ಲಿ ಒಂದು ದಿನ ಹೆಚ್ಚಾಗಿ, ಡಯೊಕ್ಲೀಷಿಯನ್ 248 ಆಗಸ್ಟ್ 30ರಂದು ಆರಂಭವಾಯಿತು. ಅದರ ಪರಿಣಾಮವನ್ನು ನಮ್ಮ ದಿನದಲ್ಲೇ ನೋಡಬಹುದು. ಅಧಿಕವಲ್ಲದ ವರ್ಷಗಳಲ್ಲಿ ಜನವರಿ 13 ಟ್ಯೂಬಿ ತಿಂಗಳ 18. 532ರಲ್ಲಿ ಅದು ಟ್ಯೂಬಿ 17. ಫೆಬ್ರವರಿಯ ಅಧಿಕ ದಿನ ದಾಟಿದ ಮೇಲೆ ಎರಡೂ ಮತ್ತೆ ಹಳೆಯ ಹೊಂದಾಣಿಕೆಗೆ ಬರುತ್ತವೆ. ಏಪ್ರಿಲ್ 11 ಎಂದಿನಂತೆ ಫರ್ಮೂಥಿ 16. ನಾಲ್ಕು ವರ್ಷಕ್ಕೊಮ್ಮೆ ಬರುವ ಈ ಆರು ತಿಂಗಳ ಅಂತರವನ್ನು ಮರೆತು ಪಪೈರಸ್‌ಗಳಿಗೆ ಒಂದು ದಿನ ತಪ್ಪಾದ ತಾರೀಖು ಕೊಡುವುದು ಸುಲಭ.

ಆಕ್ಸಿರಿಂಕಸ್ ಎಂಬ ಊರಿನವರಿಗೆ ತಮ್ಮದೇ ಜೋಡಿ ಶಕೆಯಿತ್ತು, 324ರಿಂದ ಒಂದು, 355ರಿಂದ ಇನ್ನೊಂದು. ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದರು. 531ರಿಂದ 532ರ ಬೇಸಿಗೆಯವರೆಗಿನ ವರ್ಷ ಅಲ್ಲಿ 208 ಮತ್ತು 177. ಈ ಎರಡು ಸಂಖ್ಯೆಗಳ ವ್ಯತ್ಯಾಸ ಯಾವಾಗಲೂ 31. ಹರಿದ ಪತ್ರದಲ್ಲಿ ಒಂದು ಮಾತ್ರ ಉಳಿದಿದ್ದರೂ ಇನ್ನೊಂದನ್ನು ತುಂಬಿಕೊಳ್ಳಬಹುದು.

ಡಯೋನೀಸಿಯಸ್‌ನ ಕೋಷ್ಟಕದ ಮೊದಲ ಸಾಲು

ಅಲೆಕ್ಸಾಂಡ್ರಿಯದ ಸಂಪ್ರದಾಯದಲ್ಲಿ ಈಸ್ಟರ್ ದಿನಗಳ ಕೋಷ್ಟಕವಿತ್ತು. ಅದು ಡಯೊಕ್ಲೀಷಿಯನ್ 247ಕ್ಕೆ ಮುಗಿಯುತ್ತಿತ್ತು. ರೋಮಿನಲ್ಲಿದ್ದ ಸನ್ಯಾಸಿ ಡಯೋನೀಸಿಯಸ್ ಎಕ್ಸಿಗುಅಸ್ 525ರಲ್ಲಿ ಅದನ್ನು ಮುಂದಿನ 95 ವರ್ಷಗಳಿಗೆ, 532ರಿಂದ 626ರವರೆಗೆ, ವಿಸ್ತರಿಸಿದ. ಕ್ರೈಸ್ತರನ್ನು ಹಿಂಸಿಸಿದ ಡಯೊಕ್ಲೀಷಿಯನ್ನನ ನೆನಪನ್ನು ತನ್ನ ಕೋಷ್ಟಕದಲ್ಲಿ ಉಳಿಸುವುದು ಅವನಿಗೆ ಇಷ್ಟವಿರಲಿಲ್ಲ. ವರ್ಷಗಳನ್ನು ಕ್ರಿಸ್ತನ ಅವತಾರದಿಂದ ಎಣಿಸುವುದೇ ಸರಿಯೆಂದು ಬರೆದ. 248 ಬರಬೇಕಾದ ಜಾಗದಲ್ಲಿ 532 ಬಂದದ್ದು ಹೀಗೆ. ಎಲ್ಲ ಗಣನೆಗಳನ್ನು ಒಂದೇ ಕಡೆ ಕಟ್ಟುವ ಈ ಸಾಲನ್ನು ಕಾಗದದ ಮೇಲೆ ಬರೆದುಕೊಂಡು ಒಂದೊಂದಾಗಿ ಬಿಡಿಸುವುದು ಒಳ್ಳೆಯ ಅಭ್ಯಾಸ.

ಮೊದಲು ಅಧಿಕ ವರ್ಷದ ಗುರುತಾಗಿ ಒಂದು ಅಕ್ಷರ, ಅನಂತರ 532, ಅನಂತರ ಇಂಡಿಕ್ಷನ್ 10. ನಾಲ್ಕನೆಯ ಅಂಕಣ ಎಪಾಕ್ಟ್, ಅಂದರೆ ಮಾರ್ಚ್ 22ರಂದು ಚಂದ್ರನ ವಯಸ್ಸು. ಇಸವಿಯನ್ನು 19ರಿಂದ ಭಾಗಿಸಿದ ಶೇಷವನ್ನು 11ರಿಂದ ಗುಣಿಸಿ 30ರಿಂದ ಭಾಗಿಸಿದರೆ ಅದು ಸಿಗುತ್ತದೆ. 532 ಎಂದರೆ 19ರ 28 ಪಟ್ಟು, ಶೇಷವೇ ಇಲ್ಲ. ಡಯೋನೀಸಿಯಸ್ ಅಲ್ಲಿ ಯಾವ ಅಂಕಿಯನ್ನೂ ಬರೆಯದೆ ‘ಏನೂ ಇಲ್ಲ’ ಎಂಬರ್ಥದ ಲ್ಯಾಟಿನ್ ಪದವನ್ನು ಬರೆದಿದ್ದಾನೆ, ರೋಮನ್ ಅಂಕಿಗಳಲ್ಲಿ ಸೊನ್ನೆಗೆ ಚಿಹ್ನೆ ಇರಲಿಲ್ಲವಲ್ಲ. ಐದನೆಯ ಅಂಕಣದ 4, ಮೇಲೆ ನಾವು ವಾರಕ್ಕಾಗಿ ತೆಗೆದ ಶೇಷವೇ. ಆರನೆಯದು 17: ಇಸವಿಯಿಂದ 2 ಕಳೆದು 19ರಿಂದ ಭಾಗಿಸಿದಾಗ ಉಳಿಯುವ ಚಾಂದ್ರ ಚಕ್ರದ ಸಂಖ್ಯೆ. ಮುಂದಿನದು ವಸಂತದ ಹುಣ್ಣಿಮೆ, ಅಂದರೆ ಚಂದ್ರನ ಹದಿನಾಲ್ಕನೇ ದಿನ, ಏಪ್ರಿಲ್ ನೋನ್ಸ್, ನಮ್ಮ ಏಪ್ರಿಲ್ 5. ಮಾರ್ಚ್ 24 ಬುಧವಾರವಾದರೆ ಏಪ್ರಿಲ್ 5 ಸೋಮವಾರ; ಅದರ ನಂತರದ ಭಾನುವಾರ ಏಪ್ರಿಲ್ 11, ಅದೇ ಈಸ್ಟರ್. ಆ ದಿನ ಚಂದ್ರನ ವಯಸ್ಸು 14ಕ್ಕೆ 6 ಸೇರಿ 20, ಸಾಲಿನ ಕೊನೆಯ ಸಂಖ್ಯೆಯೂ ಅದೇ. ಒಂದು ಸಾಲಿನ ಎಲ್ಲ ಅಂಕಿಗಳೂ ಒಂದರೊಡನೊಂದು ಹೀಗೆ ಕೂಡಿಕೊಳ್ಳುವುದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಆ ಸನ್ಯಾಸಿಯ ಬಗ್ಗೆ ಗೌರವ ಹುಟ್ಟದೆ ಇರದು.

532 ಎಂಬ ಸಂಖ್ಯೆಗೆ ಇನ್ನೊಂದು ಗುಣವಿದೆ. ಚಂದ್ರನ 19 ವರ್ಷಗಳ ಚಕ್ರವನ್ನೂ ವಾರ ಮತ್ತು ಅಧಿಕ ದಿನಗಳ 28 ವರ್ಷಗಳ ಚಕ್ರವನ್ನೂ ಗುಣಿಸಿದರೆ ಬರುವುದು 532. ಅಷ್ಟು ವರ್ಷಗಳ ನಂತರ ಜೂಲಿಯನ್ ಈಸ್ಟರ್ ದಿನಗಳು ಅದೇ ಕ್ರಮದಲ್ಲಿ ಮರಳುತ್ತವೆ. ಇಂಗ್ಲೆಂಡಿನ ಸನ್ಯಾಸಿ ಬೀಡ್ ಎಂಟನೇ ಶತಮಾನದಲ್ಲಿ ಕೋಷ್ಟಕವನ್ನು 1063ರವರೆಗೆ ಪೂರ್ತಿ ಮಾಡಿದ್ದು ಈ ಕಾರಣಕ್ಕೆ, ಮತ್ತು ಕ್ರಿಸ್ತಶಕ ಯುರೋಪಿನಲ್ಲಿ ನೆಲೆಯೂರಿದ್ದು ಬಹುಮಟ್ಟಿಗೆ ಅವನ ಬರಹಗಳಿಂದ.

ಸಿರಿಯ ಮತ್ತು ಸೃಷ್ಟಿಯ ವರ್ಷಗಳು

ಸಿರಿಯಾಕ್ ಭಾಷೆಯ ಲೇಖಕರು ಸೆಲ್ಯೂಸಿಡ್ ಶಕೆಯನ್ನು ಬಳಸಿದರು. ಇಸವಿಗೆ 311 ಕೂಡಿಸಿದರೆ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ವರ್ಷ, ಅಕ್ಟೋಬರ್ 1ರಿಂದ 312 ಕೂಡಿಸಬೇಕು: 843, ಅನಂತರ 844. ಆಂಟಿಯೋಕ್ ನಗರದ ಶಕೆಯಲ್ಲಿ ಜನವರಿಯ ದಿನಕ್ಕೆ 48 ಕೂಡಿಸಿದರೆ 580. ಸೃಷ್ಟಿಯಿಂದ ಎಣಿಸುವ ಲೆಕ್ಕಗಳು ಹಲವು. ಅಲೆಕ್ಸಾಂಡ್ರಿಯದ ಗಣನೆಯನ್ನು ಅನುಸರಿಸಿದ ಚರಿತ್ರೆಕಾರ ಥಿಯೋಫನೆಸ್ ನಿಕಾ ದಂಗೆಯನ್ನು 6024ರಲ್ಲಿ ಇಡುತ್ತಾನೆ, ಮುಂದೆ ಬೈಜಾಂಟಿಯಮ್ಮಿನಲ್ಲಿ ರೂಢಿಯಾದ ಗಣನೆಯ ಪ್ರಕಾರ ಅದೇ ಜನವರಿ 6040. ‘ಸೃಷ್ಟಿಯ ವರ್ಷ’ ಎಂದಷ್ಟೇ ಇದ್ದರೆ ಯಾವ ಸಂಪ್ರದಾಯವೆಂದು ಮೊದಲು ಕೇಳಬೇಕು. ರೋಮ್ ನಗರ ಸ್ಥಾಪನೆಯ 1285ನೇ ವರ್ಷವೆಂದು ಬರೆಯುವುದು ಆಧುನಿಕ ಪುಸ್ತಕಗಳ ರೂಢಿ. 532ರ ದಸ್ತಾವೇಜುಗಳಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಅದೇ ವರ್ಷ ಭಾರತದಲ್ಲಿ

ನಮ್ಮ ಗಣನೆಗಳಿಗೆ ಬಂದಾಗ ಒಂದು ಪ್ರಶ್ನೆ ಹೆಚ್ಚುವರಿಯಾಗಿ ಸೇರುತ್ತದೆ: ಬರೆದಿರುವುದು ಗತ ವರ್ಷವೋ ವರ್ತಮಾನ ವರ್ಷವೋ? ರೋಮನ್ನರ ಐದನೇ ವರ್ಷವೆಂದರೆ ನಡೆಯುತ್ತಿರುವ ಐದನೆಯದು. ನಮ್ಮ ಶಾಸನಗಳು ಸಾಮಾನ್ಯವಾಗಿ ಕಳೆದುಹೋದ ವರ್ಷಗಳನ್ನು ಎಣಿಸುತ್ತವೆ. ಯುಗಾದಿಯ ನಂತರದ ದಿನವಾದರೆ ಇಸವಿಯಿಂದ 78, ಅದಕ್ಕೂ ಮೊದಲಿನ ದಿನವಾದರೆ 79 ಕಳೆಯಿರಿ. ಬರುವುದು ಗತ ಶಕವರ್ಷ. 532ರ ಜನವರಿ 13 ಗತಶಕ 453. ಏಪ್ರಿಲ್ 11 ಗತಶಕ 454. ಶಕಕ್ಕೆ 3179 ಸೇರಿಸಿದರೆ ಗತಕಲಿ: 3632 ಮತ್ತು 3633.

ಈ ಕೊನೆಯ ಸೂತ್ರವನ್ನು ಐಹೊಳೆಯ ಮೇಗುತಿ ದೇವಾಲಯದ ಗೋಡೆಯ ಮೇಲೆಯೇ ಪರೀಕ್ಷಿಸಬಹುದು. ರವಿಕೀರ್ತಿ ಅಲ್ಲಿ ಭಾರತಯುದ್ಧದಿಂದ 3735 ವರ್ಷಗಳನ್ನೂ ಶಕರ 556 ವರ್ಷಗಳನ್ನೂ ಹೇಳಿ, ‘ಸಮಾಸು ಸಮತೀತಾಸು’ ಎಂದು ಅವು ಕಳೆದುಹೋದವೆಂಬುದನ್ನು ಸ್ಪಷ್ಟಪಡಿಸಿದ್ದಾನೆ. 3735ರಿಂದ 556 ಕಳೆದರೆ 3179. ಇಸವಿ 634/35. ಬಾದಾಮಿಯ ಬಂಡೆಯ ಮೇಲಿನ ಮೊದಲನೆಯ ಪುಲಕೇಶಿಯ ಶಾಸನ ಶಕ 465ರದು, ಅಂದರೆ 543. ನಿಕಾ ದಂಗೆಗೂ ಬಾದಾಮಿಯ ಕೋಟೆಗೂ ಹನ್ನೊಂದು ವರ್ಷಗಳ ಅಂತರ. 532ಕ್ಕೇ ಸೇರುವ ಭಾರತದ ಶಾಸನ ಬೇಕೆಂದರೆ ಮಂದಸೋರ್‌ನ ಯಶೋಧರ್ಮನದಿದೆ. ಮಾಲವ ಗಣನೆಯ ಐನೂರರ ಜೊತೆ ‘ಒಂದು ಕಡಿಮೆ ತೊಂಬತ್ತು’ ಶರದೃತುಗಳು ಕಳೆದವೆಂದು ಅದು ಹೇಳುತ್ತದೆ. 589ರಿಂದ 57 ಕಳೆದರೆ 532. ಇಂದಿನ ವಿಕ್ರಮ ಸಂವತ್ ಇದೇ ಗಣನೆಯ ಮುಂದುವರಿಕೆ.

ಎರಡು ಲೋಕಗಳೂ ಆಗಲೇ ಒಂದು ಕಡೆ ಭೇಟಿಯಾಗಿದ್ದವು. ವರಾಹಮಿಹಿರನ ಪಂಚಸಿದ್ಧಾಂತಿಕೆ ದಿನಗಣನೆಯನ್ನು ‘ಸಪ್ತ (7) ಅಶ್ವಿ (2) ವೇದ (4)’ ಎಂಬ ಶಕವರ್ಷದಿಂದ ಶುರು ಮಾಡುತ್ತದೆ. ಬಲದಿಂದ ಎಡಕ್ಕೆ ಓದಿದರೆ 427, ಇಸವಿ 505. ಯವನಪುರದಲ್ಲಿ ಸೂರ್ಯ ಅರ್ಧ ಮುಳುಗಿದ ಹೊತ್ತನ್ನು ಅದು ಆರಂಭವಾಗಿ ಇಟ್ಟುಕೊಳ್ಳುತ್ತದೆ. ಯವನಪುರವನ್ನು ವಿದ್ವಾಂಸರು ಸಾಮಾನ್ಯವಾಗಿ ಅಲೆಕ್ಸಾಂಡ್ರಿಯವೆಂದೇ ಗುರುತಿಸುತ್ತಾರೆ. ಅದೇ ಗ್ರಂಥದಲ್ಲಿ ಬರುವ ರೋಮಕ ಸಿದ್ಧಾಂತದ ಯುಗ 2850 ವರ್ಷಗಳದು, ಅದರಲ್ಲಿ 1050 ಅಧಿಕ ಮಾಸಗಳು. ಎರಡನ್ನೂ 150ರಿಂದ ಭಾಗಿಸಿ: 19 ವರ್ಷಕ್ಕೆ 7 ಅಧಿಕ ಮಾಸ. ಡಯೋನೀಸಿಯಸ್‌ನ ಈಸ್ಟರ್ ಕೋಷ್ಟಕ ನಿಂತಿರುವುದೂ ಈ 19 ವರ್ಷಗಳ ಚಕ್ರದ ಮೇಲೆಯೇ.

ಇನ್ನೊಂದು ಎಚ್ಚರಿಕೆ. ಇಂದಿನ ದಕ್ಷಿಣದ ಸಂವತ್ಸರ ಪಟ್ಟಿಯನ್ನು ಹಿಂದಕ್ಕೆ ಎಣಿಸಿದರೆ ಶಕ 454ಕ್ಕೆ ಪರಿಧಾವಿ ಎಂಬ ಹೆಸರು ಬರುತ್ತದೆ. ಅದನ್ನು ಆ ಕಾಲದ ಹೆಸರೆಂದು ಬರೆಯಬೇಡಿ. ಸಂವತ್ಸರಗಳನ್ನು ಆಗ ಗುರುವಿನ ಗತಿಯಿಂದ ಲೆಕ್ಕ ಹಾಕುತ್ತಿದ್ದರು, ಈಗಿನ ಸರಳ ಕ್ರಮ ದಕ್ಷಿಣದಲ್ಲಿ ನೆಲೆಗೊಂಡದ್ದು ಅನಂತರ.

ಫಲಿತಾಂಶವನ್ನು ಬರೆಯುವ ಕ್ರಮ

ಲೆಕ್ಕ ಮುಗಿದ ಮೇಲೆ ಅದೇ ವರ್ಷದ ಶರತ್ಕಾಲದ ಒಂದು ದಿನದೊಂದಿಗೆ ಹೋಲಿಸಿ ನೋಡಿ. ನವೆಂಬರ್ 1ನ್ನು ತೆಗೆದುಕೊಂಡರೆ ಕಾನ್ಸಲರ ಒಕ್ಕಣೆ ಬದಲಾಗಿಲ್ಲ, ಆದರೆ ಇಂಡಿಕ್ಷನ್ 11, ಡಯೊಕ್ಲೀಷಿಯನ್ 249, ಜಸ್ಟಿನಿಯನ್ನನ ಆರನೇ ವರ್ಷ, ಸೆಲ್ಯೂಸಿಡ್ 844, ಆಂಟಿಯೋಕ್ 581, ಗತಶಕ 454. ಜನವರಿಯ ಸಾಲಿನೊಂದಿಗೆ ಇಟ್ಟು ನೋಡಿದಾಗ, ಯಾವ ಗಣನೆ ಯಾವ ತಿಂಗಳಲ್ಲಿ ಜಿಗಿಯಿತೆಂಬುದು ತಾನಾಗಿ ಕಾಣುತ್ತದೆ.

ಟಿಪ್ಪಣಿಯಲ್ಲಿ ಆಕರದ ಮೂಲ ಒಕ್ಕಣೆಯನ್ನು ಮೊದಲು ಇಡಿ, ನಿಮ್ಮ ಪರಿವರ್ತನೆಯನ್ನು ಅನಂತರ. ಎರಡು ಇಸವಿಗಳಲ್ಲಿ ಹರಡಿದ ಒಂದೇ ವರ್ಷವನ್ನು ಓರೆಗೆರೆಯಿಂದ 531/32 ಎಂದು ಬರೆಯಿರಿ. 531–532 ಎಂಬ ಅಡ್ಡಗೆರೆಯನ್ನು ಎರಡು ಪೂರ್ಣ ವರ್ಷಗಳ ಅವಧಿಗೆ ಮೀಸಲಿಡಿ. ಶಕ ಅಥವಾ ಕಲಿಯ ಸಂಖ್ಯೆ ಬರೆದಾಗ ‘ಗತ’ ಅಥವಾ ‘ವರ್ತಮಾನ’ ಎಂಬುದನ್ನು ಜೊತೆಗೇ ಸೇರಿಸಿ, ಜೂಲಿಯನ್ ತಾರೀಖಾದರೆ ಅದನ್ನೂ ಒಮ್ಮೆ ಹೇಳಿ. ತಿಂಗಳು ತಿಳಿಯದ ಪತ್ರಕ್ಕೆ ಒಂದೇ ಇಸವಿಯನ್ನು ಕೊಡಬೇಡಿ.